ಪೆನ್ಸಿಲ್ ತಟ್ಟುವ ಮುನ್ನ

ಅಣ್ಣ ಕೇಬಲ್ಲು ಬಿಡುತ್ತಾ ಹೋದ, ತಂಗಿ ಸುತ್ತುತ್ತಾ ಹೋದಳು. ಮಾಳಿಗೆಯ ಮೇಲೆ ಎರಡು ಏರಿಯಲ್ ಕಂಬಗಳಿದ್ದವು. ಅವುಗಳಲ್ಲೊಂದರಿಂದ ಬೆಳಗ್ಗೆ ಇಳಿಸಿದ ಕೇಬಲ್ಲು ಅದು. ಬಿಸಿಲು ತಿಂದು ತಿಂದು ಮೈಯೆಲ್ಲ ಸಣ್ಣಗೆ ಬಿರುಕು ಬಿಟ್ಟಿತ್ತು. ಅವನು ಒಂದೊಂದು ಮೊಳವನ್ನೂ ಹಳೇ ಬನೀನಿನ ತುಂಡಿನಿಂದ ಒರೆಸಿ ಬಿಡುತ್ತಿದ್ದ. ಅವಳು ಅದನ್ನು ಅಂಗೈಗೂ ಮೊಣಕೈಗೂ ಸುತ್ತಿಕೊಳ್ಳುತ್ತಿದ್ದಳು. ತುದಿಯ ಹಿತ್ತಾಳೆ ಪಿನ್ನಿಗೆ ಹಸಿರು ಕಿಲುಬು ಕಟ್ಟಿತ್ತು. ಅದು ಬಂದಾಗ ಅಣ್ಣ ನಿಂತ, ಉಗುರಿನಿಂದ ಕೆರೆದು ನೋಡಿದ, ಮತ್ತೆ ಬಿಟ್ಟ.

ಮಾತಿರಲಿಲ್ಲ. ಚಿಕ್ಕಂದಿನಿಂದಲೂ ಅವರದು ಹಾಗೇ. ಅವನ ರೇಡಿಯೊ ರಿಪೇರಿ ಅಂಗಡಿಯಲ್ಲಿ ಅವನು ಬೆಸುಗೆ ಹಾಕುವಾಗ ಅವಳು ಟಾರ್ಚ್ ಹಿಡಿದು ನಿಲ್ಲುತ್ತಿದ್ದಳು. ಬೆಳಕು ಎಲ್ಲಿಗೆ ಬೇಕು ಎಂದು ಅವನು ಹೇಳುತ್ತಿರಲಿಲ್ಲ, ಅವಳು ಕೇಳುತ್ತಿರಲಿಲ್ಲ. ಅವನ ತಲೆ ವಾಲಿದ ಕಡೆಗೆ ಟಾರ್ಚು ವಾಲುತ್ತಿತ್ತು. ಆ ಅಂಗಡಿಯಿಂದಲೇ ಅವಳು ಇಂಜಿನಿಯರಿಂಗ್ ಕಾಲೇಜಿಗೆ ಹೋದಳು, ಕಾಲೇಜಿನಿಂದ ಸರ್ಕಾರದ ರಕ್ಷಣಾ ಇಲಾಖೆಗೆ. ಈ ವರ್ಷದ ಕೊನೆಗೆ ನಿವೃತ್ತಿ.

ಅತ್ತಿಗೆ ಟೀ ತಂದು ಇಬ್ಬರ ನಡುವೆ ಕುಕ್ಕಿದಳು. "ಎರಡು ಗುಂಡುಕಲ್ಲು ತಂದು ಎದುರುಬದುರು ಇಟ್ಟಿದ್ರೂ ಇಷ್ಟು ಹೊತ್ತಿಗೆ ಏನಾದ್ರೂ ಮಾತಾಡ್ಕೊಂಡಿರೋವು."

"ಮಾತಾಡ್ತಾನೇ ಇದೀವಿ," ಅಂದ ಅಣ್ಣ. "ನಿನಗೆ ಕೇಳಿಸ್ತಿಲ್ಲ ಅಷ್ಟೆ."

"ಹೌದಪ್ಪ, ನನ್ನ ಕಿವಿಗೊಂದು ಏರಿಯಲ್ ಹಾಕಿಸೋದು ಮರೆತುಬಿಟ್ರಿ ನೀವು."

ತಂಗಿ ನಕ್ಕಳು. ಕೇಬಲ್ ಯಾಕೆ ಇಳಿಸಿದೆ ಎಂದು ಕೇಳಬೇಕಿತ್ತು. ಹಳೇದಾಯಿತು, ಹೊಸದು ಹಾಕುತ್ತಾನೆ ಎಂದು ತಾನೇ ತೀರ್ಮಾನ ಮಾಡಿಕೊಂಡಳು. ಕೇಳಿದರೆ ಮಾತು ಊರಾಚೆಯ ಗುಡ್ಡದ ಕಡೆಗೆ, ಅಲ್ಲಿನ ರೇಡಿಯೊ ಪೆಟ್ಟಿಗೆಯ ಕಡೆಗೆ ತಿರುಗುತ್ತಿತ್ತು. ಗುಡ್ಡದ ವಿಷಯ ಅವಳ ಆಫೀಸಿನದು. ಆಫೀಸನ್ನು ಅವಳು ಯಾವತ್ತೂ ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಒಳಗೆ ಬರುತ್ತಿದ್ದಳು.

ಅವಳ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಅಣ್ಣ ಹೇಳುತ್ತಿದ್ದುದು ಒಂದೇ ಮಾತು: "ನಮ್ಮ ತಂಗಿ ಗಾಳಿಗೆ ಬೇಲಿ ಹಾಕ್ತಾಳೆ." ಅತ್ತಿಗೆ ಅದಕ್ಕೆ ಸೇರಿಸುತ್ತಿದ್ದಳು: "ಗಾಳಿ ಗುದ್ದಿ ಮೈ ನೋಯಿಸ್ಕೊಳ್ಳೋದು ಅಂತಾರಲ್ಲ, ಅದಕ್ಕೆ ಸಂಬಳ ಕೊಡೋರೂ ಇದಾರೆ ನೋಡಿ."

ತಮಾಷೆಯಾದರೂ ಸುಳ್ಳೇನಲ್ಲ. ಗಾಳಿಯಲ್ಲಿ ರೇಡಿಯೊ ತರಂಗಗಳಿಗೆ ಕಣ್ಣಿಗೆ ಕಾಣದ ದಾರಿಗಳಿವೆ. ಒಂದೇ ದಾರಿಯಲ್ಲಿ ಇಬ್ಬರು ಎದುರಾದರೆ ಇಬ್ಬರ ಮಾತೂ ಹಾಳು. ಭೂಸೇನೆಯ ವೈರ್‌ಲೆಸ್‌ಗೆ ಯಾವ ದಾರಿ, ಹಡಗಿಗೆ ಯಾವುದು, ವಿಮಾನಕ್ಕೆ ಯಾವುದು, ಜನರ ಫೋನಿಗೆ ಎಷ್ಟು ಬಿಟ್ಟುಕೊಡಬಹುದು, ಬಿಟ್ಟುಕೊಟ್ಟಿದ್ದನ್ನು ಯಾವಾಗ ವಾಪಸ್ಸು ಕೇಳಬಹುದು, ಇದೆಲ್ಲವನ್ನೂ ತೀರ್ಮಾನಿಸುವ ವಿಭಾಗದಲ್ಲಿ ಅವಳು ಕಿರಿಯ ಇಂಜಿನಿಯರಾಗಿ ಸೇರಿದ್ದಳು. ಹಳೇ ಬ್ಯಾರಕ್ಕಿನ ಒಂದು ಉದ್ದನೆಯ ಕೋಣೆ. ಗೋಡೆಯ ತುಂಬ ಬಣ್ಣಬಣ್ಣದ ಪಟ್ಟಿಗಳ ನಕ್ಷೆ, ಒಂದೊಂದು ಬಣ್ಣ ಒಬ್ಬೊಬ್ಬರದು. ಕಪಾಟುಗಳ ಮೇಲೆ ಕಡತಗಳು, ಕಡತಗಳ ಮೇಲೆ ಪಾರಿವಾಳ.

ಅವಳು ಸೇರಿದ ಕಾಲಕ್ಕೆ ಅಲ್ಲಿ ಏನೂ ಮುಂದೆ ಹೋಗುತ್ತಿರಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗಿದ್ದರೂ ವಾಸಿಯಿತ್ತು, ಎಳೆಯುವವರೇ ಇರಲಿಲ್ಲ. ಪ್ರಸ್ತಾಪ ಕಳಿಸಿದರೆ ಮೂರೂ ಪಡೆಗಳವರು ಉತ್ತರ ಕೊಡುತ್ತಿರಲಿಲ್ಲ. 'ಆಗಲಿ' ಎಂದರೆ ನಾಳೆ ಹೊಣೆ ತಲೆ ಮೇಲೆ ಬರುತ್ತದೆ. 'ಬೇಡ' ಎಂದರೆ ಜಗಳ. ಸುಮ್ಮನಿದ್ದರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಹೀಗೆ ಸುಮ್ಮನಿದ್ದು ಸುಮ್ಮನಿದ್ದು ಒಂದು ಸಲ ಪ್ರವಾಹ ಬಂದಾಗ ಹೆಲಿಕಾಪ್ಟರಿನವರ ಮಾತು ದೋಣಿಯವರಿಗೆ ಕೇಳದೆ ಒಂದು ಇಡೀ ಸಂಜೆ ವ್ಯರ್ಥವಾಯಿತು. ಅದು ಮುಗಿದ ಮೇಲೆ ಅವಳು ಮುದುಕ ನಿರ್ದೇಶಕರ ಮುಂದೆ ನಿಂತು ಹೇಳಿದಳು:

"ಸಾರ್, ಒಂದು ತಿಂಗಳು ಕೊಡೋಣ. ಅಷ್ಟರೊಳಗೆ ಯಾರೂ ಬೇಡ ಅನ್ನದಿದ್ರೆ ಒಪ್ಪಿದ್ರು ಅಂತ ತಿಳ್ಕೊಳ್ಳೋಣ."

ನಿರ್ದೇಶಕರು ಕನ್ನಡಕ ತೆಗೆದು ಅವಳನ್ನು ನೋಡಿದರು. "ಮೌನಂ ಸಮ್ಮತಿ ಲಕ್ಷಣಂ ಅಂತೀಯ."

"ಹೂಂ ಸಾರ್."

"ಮದುವೆ ಮನೆ ಮಾತನ್ನ ಸೈನ್ಯಕ್ಕೆ ತಂದೆಯಲ್ಲಮ್ಮ!"

ನಕ್ಕರೂ ನಿಯಮ ಮಾಡಿದರು. ಸಭೆಗೂ ಅದೇ ನಿಯಮ ಬಂತು. ವಿಷಯ ಓದಬೇಕು, ಸುಮ್ಮನೆ ಕಾಯಬೇಕು, ಅಧ್ಯಕ್ಷರು ಪೆನ್ಸಿಲ್ಲಿನ ಹಿಂಬದಿಯಿಂದ ಮೇಜಿಗೆ ಒಂದು ಸಲ ತಟ್ಟಬೇಕು. ಪ್ರಸ್ತಾಪ ಯಾರದ್ದಾದರೂ ಸರಿ, ತಟ್ಟುವ ಮುನ್ನ ಯಾರೂ ಬಾಯಿ ಬಿಡದಿದ್ದರೆ ಅದು ಒಪ್ಪಿಗೆ. ತಟ್ಟಿದ ಮೇಲೆ ದೇವರು ಬಂದು ಹೇಳಿದರೂ ಇಲ್ಲ. ಕಡತಗಳು ಕಪಾಟಿನಿಂದ ಇಳಿದವು. ಪಾರಿವಾಳಗಳು ಬೇರೆ ಜಾಗ ನೋಡಿಕೊಂಡವು. ಅವಳು ಮೆಟ್ಟಿಲು ಮೆಟ್ಟಿಲಾಗಿ ಏರಿ ಕೊನೆಗೆ ಆ ಪೆನ್ಸಿಲ್ಲಿನ ಕುರ್ಚಿಗೇ ಬಂದು ಕೂತಳು. ಹಿಂದಿನಿಂದ ಎಲ್ಲರೂ ಅವಳನ್ನು 'ಮೌನ ಮೇಡಂ' ಎನ್ನುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು. ಒಳಗೊಳಗೇ ಹೆಮ್ಮೆಯೂ ಇತ್ತು.

ಒಂದು ಸಲ ಗಡಿಯ ಕಡೆಯಿಂದ ಒಬ್ಬ ಕ್ಯಾಪ್ಟನ್ನು, ಹಳೇ ವೈರ್‌ಲೆಸ್ ಸೆಟ್ಟುಗಳ ದಾರಿ ಮುಚ್ಚುವ ಪ್ರಸ್ತಾಪಕ್ಕೆ ತನ್ನ ತುಕಡಿಯ ಆಕ್ಷೇಪಣೆ ಹಿಡಿದುಕೊಂಡು ಬಂದಿದ್ದ. ದಾರಿಯಲ್ಲಿ ಹಿಮ ಕುಸಿದು ಲಾರಿ ನಿಂತುಬಿಟ್ಟಿತ್ತು, ಒಂದು ದಿನ ತಡವಾಗಿತ್ತು. "ಮೇಡಂ, ಹಳೇ ಸೆಟ್ಟುಗಳು ಬೆನ್ನಿಗೆ ಹಗುರ. ಹೊಸದನ್ನ ಹೊತ್ತುಕೊಂಡು ನಮ್ಮ ಹುಡುಗರು ಆ ಎತ್ತರ ಹತ್ತೋದು ಕಷ್ಟ," ಎಂದ. ಅವಳು ಗೋಡೆಯ ಕ್ಯಾಲೆಂಡರ್ ತೋರಿಸಿದಳು. ಒಬ್ಬರಿಗೆ ಬಾಗಿಲು ತೆಗೆದರೆ ನಾಳೆ ಊರೆಲ್ಲ ನುಗ್ಗುತ್ತದೆ ಎಂದಳು. ಆ ಕ್ಯಾಪ್ಟನ್ನು ಈಗ ಕರ್ನಲ್. ಅವಳ ಸಮಿತಿಯಲ್ಲೇ ಹಿರಿಯ ಸದಸ್ಯ. ಪ್ರತಿ ಸಭೆಗೂ ಬಂದು ಕೂರುತ್ತಲೇ ಕೇಳುತ್ತಾನೆ: "ಮೇಡಂ, ನಿಮ್ಮ ಪೆನ್ಸಿಲ್ ಮುರಿಯೋದು ಯಾವಾಗ?" ಎಲ್ಲರೂ ನಗುತ್ತಾರೆ. ಅವಳೂ ನಗುತ್ತಾಳೆ. ಕರ್ನಲ್‌ನ ನಗು ಮಾತ್ರ ಮೀಸೆಯಿಂದ ಮೇಲಕ್ಕೆ ಹತ್ತುವುದಿಲ್ಲ.

ಈಗ ಗುಡ್ಡದ ಸರದಿ ಬಂದಿತ್ತು. ಊರಾಚೆಯ ಆ ಬೋಳುಗುಡ್ಡದ ನೆತ್ತಿಯಲ್ಲಿ ಒಂದು ತಗಡಿನ ಪೆಟ್ಟಿಗೆಯಿದೆ. ಹವ್ಯಾಸಕ್ಕೆ ರೇಡಿಯೊ ಇಟ್ಟುಕೊಂಡವರು ಚಂದಾ ಎತ್ತಿ ಕೂರಿಸಿದ್ದು. ಕೆಳಗಿನಿಂದ ಬಂದ ಸಣ್ಣ ದನಿಯನ್ನು ಅದು ಹಿಡಿದು, ಬಲಪಡಿಸಿ, ಸುತ್ತಲಿನ ಊರುಗಳಿಗೆಲ್ಲ ಮತ್ತೆ ಹರಡುತ್ತದೆ. ಅದು ಬಳಸುವ ದಾರಿ ಸೈನ್ಯದ್ದು. ಈ ಜನ ಅಲ್ಲಿ ಬರೀ ಅತಿಥಿಗಳು. ಮನೆಯವರಿಗೆ ಬೇಕಾಗುವ ತನಕ ಜಗುಲಿಯಲ್ಲಿ ಕೂರಬಹುದು, ಅಷ್ಟೇ. ಈಗ ಮನೆಯವರಿಗೆ ಬೇಕಾಗಿತ್ತು. ವಾಯುಪಡೆಯವರು ಪೈಲಟ್ ಇಲ್ಲದ ಹೊಸ ವಿಮಾನಗಳನ್ನು ಆ ದಾರಿಯಲ್ಲಿ ನಡೆಸಲು ಹೊರಟಿದ್ದರು. ಅತಿಥಿಗಳು ಏಳಬೇಕು ಎಂಬ ಪ್ರಸ್ತಾಪ ಇಲಾಖೆಯ ವೆಬ್‌ಸೈಟಿಗೆ ಹೋಯಿತು. ಆಕ್ಷೇಪಣೆಗೆ ಎಂದಿನಂತೆ ಒಂದು ತಿಂಗಳು. ಕೆಳಗೆ ಅವಳ ಹೆಸರು.

ಆ ಪೆಟ್ಟಿಗೆಯ ಮೂಲಕ ದಿನಾ ಬೆಳಗ್ಗೆ ಎಲ್ಲರ ಹಾಜರಿ ಕರೆಯುವವನು ಅವಳ ಅಣ್ಣ.

ಅವನಿಗೆ ಹೇಳಬೇಕೋ ಬೇಡವೋ ಎಂದು ಅವಳು ಆ ತಿಂಗಳೆಲ್ಲ ತನ್ನೊಳಗೇ ವಾದ ಮಾಡಿದಳು. ಹೇಳಿದರೆ ತನ್ನವರಿಗೆ ಮಾತ್ರ ಕಿವಿಯೂದಿದ ಹಾಗಾಗುತ್ತದೆ. ಇಷ್ಟು ವರ್ಷ ಯಾರ ಕಿವಿಯಲ್ಲೂ ಊದದೆ ಬಂದವಳು. ಹೇಳದಿದ್ದರೆ? ವೆಬ್‌ಸೈಟು ಎಲ್ಲರಿಗೂ ತೆರೆದಿದೆ, ನೋಡಿದರೆ ಅವನೇ ಬರೆಯುತ್ತಾನೆ. ಬರೆದರೆ ನಿಯಮದಂತೆ ವಿಚಾರಣೆ ಆಗುತ್ತದೆ, ಅವಳ ನಿವೃತ್ತಿಯ ಆಚೆಗೆ ಹೋಗುತ್ತದೆ, ಬೇರೆಯವರು ತೀರ್ಮಾನಿಸುತ್ತಾರೆ. ಭಾನುವಾರ ಭಾನುವಾರ ಹೋದಳು, ಟೀ ಕುಡಿದಳು, ಕೇಬಲ್ಲು ಸುತ್ತಿದಳು, ಬಂದಳು. ಅಣ್ಣನೂ ಏನೂ ಹೇಳಲಿಲ್ಲ. ನೋಡಿಲ್ಲ ಎಂದುಕೊಂಡಳು. ನೋಡಿದ್ದರೂ ಬೇಸರವಿಲ್ಲವೇನೋ, ವಯಸ್ಸಾಯಿತಲ್ಲ, ಎಂದೂ ಅಂದುಕೊಂಡಳು. ಅವಧಿ ಮುಗಿಯಿತು. ಒಂದೂ ಆಕ್ಷೇಪಣೆ ಇರಲಿಲ್ಲ. ಗುಮಾಸ್ತ ಬಂದು "ಕ್ಲೀನ್ ಆಗಿದೆ ಮೇಡಂ," ಎಂದಾಗ ಅವಳಿಗೆ ಮೊದಲು ಬಂದದ್ದು ನೆಮ್ಮದಿ. ಆಮೇಲೆ ಊಟದ ಡಬ್ಬಿ ತೆರೆದು, ಮತ್ತೆ ಹಾಗೇ ಮುಚ್ಚಿಟ್ಟಳು.

ಮುಂದಿನ ಭಾನುವಾರ ಅವಳು ಬೇಗ ಹೋದಳು. ಅಣ್ಣ ಹಾಜರಿಗೆ ಕೂತಿದ್ದ. ಹಿತ್ತಿಲ ಕಡೆಯ ಸಣ್ಣ ಕೋಣೆ. ಕಿಟಕಿಯ ಪಕ್ಕದ ಮೇಜಿನ ಮೇಲೆ ರೇಡಿಯೊ, ಹಿಡಿಯ ಬಣ್ಣ ಹೋದ ಮೈಕು, ಹಿಂದೆ ಬೆನ್ನು ನೋವಿಗೆಂದು ದಿಂಬು ಕಟ್ಟಿದ ಕುರ್ಚಿ. ಅವಳು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಳು. ಅಣ್ಣ ತಿರುಗಿ ನೋಡಿ ತಲೆಯಾಡಿಸಿದ, ಮೈಕಿನ ಗುಂಡಿ ಒತ್ತಿದ.

"ಹಲ್ಲಿನ ಡಾಕ್ಟ್ರೇ, ಇದ್ದೀರಾ?"

"ಇದ್ದೀನಿ. ಇವತ್ತು ಭಾನುವಾರ, ಯಾರ ಹಲ್ಲನ್ನೂ ಕೀಳಲ್ಲ, ಹೆದರಬೇಡಿ."

"ಕಂಡಕ್ಟರ್?"

"ರೈಟ್ ರೈಟ್! ಮೊಣಕಾಲು ಮಾತ್ರ ಹೋಲ್ಡಾನ್ ಅಂತಿದೆ."

"ಬೇಕರಿಯಮ್ಮ?"

"ಒಲೆ ಮುಂದೆ ಇದೀನಿ. ಬೇಗ ಮುಗಿಸಿ, ಬ್ರೆಡ್ಡು ಕರಕಾದ್ರೆ ನಿಮ್ಮ ಮನೆಗೇ ಕಳಿಸ್ತೀನಿ."

ಅಣ್ಣ ನಕ್ಕ. ಆಮೇಲೆ ದನಿ ತಗ್ಗಿಸಿ, ನಿಧಾನವಾಗಿ ಕರೆದ: "ಮೇಷ್ಟ್ರೇ?"

ಉತ್ತರ ಬರಲಿಲ್ಲ. ಸುಂಯ್ ಎನ್ನುವ ಖಾಲಿ ಸದ್ದು. ನಡುವೆ ಒಂದು ಕಡೆ ಆ ಸದ್ದು ನಿಂತು ಮೌನ ದಟ್ಟವಾಯಿತು, ಮತ್ತೆ ಸುಂಯ್ ಎಂದಿತು, ಇನ್ನೊಮ್ಮೆ ಸದ್ದು ಅಡಗಿತು.

"ಮೇಷ್ಟ್ರು ಇದಾರೆ," ಅಂದ ಅಣ್ಣ. "ಎರಡು ಸಲ ಒತ್ತಿದ್ರು. ಚೆನ್ನಾಗಿದಾರೆ." ಎಲ್ಲರೂ ಒಬ್ಬೊಬ್ಬರಾಗಿ ಮೇಷ್ಟ್ರಿಗೆ ನಮಸ್ಕಾರ ಹೇಳಿದರು.

ಮೇಷ್ಟ್ರಿಗೆ ಲಕ್ವ ಹೊಡೆದು ಮಾತು ನಿಂತು ಬಹಳ ಕಾಲವಾಗಿತ್ತು. ಒಂದು ಕೈ ಆಡುತ್ತಿತ್ತು. ಆ ಕೈಯಿಂದ ಬೆಳಗ್ಗೆ ಗುಂಡಿ ಒತ್ತುತ್ತಿದ್ದರು. ಎರಡು ಸಲ ಒತ್ತಿದರೆ ಚೆನ್ನಾಗಿದ್ದೇನೆ. ಮೂರು ಸಲ ಒತ್ತಿದರೆ ಯಾರಾದರೂ ಮನೆ ಕಡೆ ಬನ್ನಿ. ಫೋನು ಮಾಡಿ ಅವರು ಏನು ತಾನೇ ಹೇಳಬಲ್ಲರು? ಇಲ್ಲಿ ಮಾತು ಬೇಕಿರಲಿಲ್ಲ. ಒತ್ತಿ ಹಿಡಿದ ಮೌನ ಬೇರೆ, ಖಾಲಿ ಮೌನ ಬೇರೆ, ಅಣ್ಣನಿಗೆ ಅದು ಗೊತ್ತಾಗುತ್ತಿತ್ತು. ಇಂಜಿನಿಯರಾದ ಅವಳಿಗೂ ಅದರ ಲೆಕ್ಕಾಚಾರ ಗೊತ್ತಿತ್ತು, ತರಂಗ ಬಂದಾಗ ಸದ್ದು ಅಡಗುತ್ತದೆ ಎಂದು. ಕೂತು ಕೇಳಿದ್ದು ಮಾತ್ರ ಇದೇ ಮೊದಲು.

"ಇನ್ನು ನಮಗೆ ಉಳಿದಿರೋದು ಸ್ವಲ್ಪವೇ ದಿನ," ಅಂದ ಅಣ್ಣ ಮೈಕಿಗೆ. "ಅಷ್ಟರೊಳಗೆ ಮೇಷ್ಟ್ರ ಮನೆಗೆ ದಿನಾ ಬೆಳಗ್ಗೆ ಯಾರು ಹೋಗೋದು ಅಂತ ಸರದಿ ಹಾಕ್ಕೊಳ್ಳೋಣ. ನನ್ನ ಸ್ಕೂಟರ್ ಇದೆ."

ಅವಳು ಸ್ಟೂಲಿನಿಂದ ಎದ್ದಳು. ಅವನು ರೇಡಿಯೊ ಆರಿಸುವ ತನಕ ನಿಂತೇ ಇದ್ದಳು.

"ಅಣ್ಣ, ನಿನಗೆ ಗೊತ್ತಿತ್ತಾ?"

"ಏನು?"

"ಗುಡ್ಡದ್ದು."

"ಹಾಕಿದ ದಿನಾನೇ ನೋಡಿದೆ." ಅವನು ಮೈಕಿನ ಸುರುಳಿ ವೈರನ್ನು ಬಿಡಿಸಿ ಮತ್ತೆ ಬಿಟ್ಟ. "ಡಾಕ್ಟ್ರು ಫೋನ್ ಮಾಡಿ ಹೇಳಿದ್ರು."

"ಮತ್ತೆ ಯಾಕೆ ಬರೀಲಿಲ್ಲ? ಒಂದು ಸಾಲು ಸಾಕಿತ್ತು! ಬೇಡ ಅಂತ ಒಂದೇ ಒಂದು ಸಾಲು!"

"ಕೆಳಗೆ ನಿನ್ನ ಹೆಸರಿತ್ತಲ್ಲಮ್ಮ."

"ಹೆಸರು ನಂದು. ಕೇಳಿದ್ದು ವಾಯುಪಡೆಯವರು. ನಾನು ಬರೀ..."

"ಅದು ನನಗೇನು ಗೊತ್ತು? ತಂಗಿ ಹಾಕಿದ ಬೇಲಿಗೆ ಅಣ್ಣ ಹೋಗಿ ಕೊಡಲಿ ಹಾಕ್ತಾನಾ? ಮೊದಲು ನೀನು ಬಂದು ಹೇಳ್ತೀಯ ಅಂದ್ಕೊಂಡೆ. ಆಮೇಲೆ ಬರೆದ್ರಾಯ್ತು ಅಂತ. ಒಂದು ಭಾನುವಾರ ಕಾದೆ, ಹೇಳಲಿಲ್ಲ. ಇನ್ನೊಂದು ಭಾನುವಾರ ಕಾದೆ. ಆ ಕೇಬಲ್ಲನ್ನ ಇಳಿಸಿ ನಿನ್ನ ಕೈಗೇ ಕೊಟ್ಟೆ, ಆವಾಗಾದ್ರೂ ಕೇಳ್ತೀಯ ಅಂತ. ನೀನು ಸುತ್ತಿ ಸುತ್ತಿ ಗಂಟು ಹಾಕಿ ಮೂಲೆಗಿಟ್ಟು ಹೋದೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ನೀನು ಸುಮ್ಮನಿದ್ದೆಯಲ್ಲ, ನಾನು..."

"ನೀನೂ ಸುಮ್ಮನಿದ್ದೆ."

ಅತ್ತಿಗೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಿದ್ದಳು. "ಭೇಷ್! ಬಾಯಿಗೆ ಬೀಗ ಹಾಕಿ, ಬೀಗದ ಕೈಯನ್ನ ಒಬ್ಬರ ಜೇಬಲ್ಲಿ ಒಬ್ಬರು ಹುಡುಕಿದ್ರಂತೆ ಅಣ್ಣ ತಂಗಿ. ನಾನೇ ಹೇಳ್ತೀನಿ ಅವಳಿಗೆ ಅಂದ್ರೆ ಈ ಮನುಷ್ಯ ಬಿಡಲಿಲ್ಲ ಕಣೆ. ಅವಳ ಕೆಲಸದ ಮಾತು, ನಾವು ಎತ್ತಬಾರದು ಅಂತ. ಊರಿಗೆ ಉಪಕಾರಿ ಮನೆಗೆ ಮಾರಿ ಅಂತ ನಿನ್ನನ್ನ ಅನ್ನೋಣ ಅಂದ್ರೆ, ಆ ಮೇಷ್ಟ್ರು ಊರಲ್ವಾ? ನಾಳೆ ಅವರು ಬಚ್ಚಲಲ್ಲಿ ಬಿದ್ರೆ ಯಾರಿಗೆ ಮೂರು ಸಲ ಒತ್ತಬೇಕು? ಹೇಳು."

ಮೂಲೆಯಲ್ಲಿ ಕೇಬಲ್ ಸುರುಳಿ ಇತ್ತು. ಅವಳೇ ಹಾಕಿದ ಗಂಟು, ಅಚ್ಚುಕಟ್ಟಾಗಿ.

ಸಭೆ ಆ ವಾರವೇ ಇತ್ತು. ನಡುವಿನ ದಿನಗಳಲ್ಲಿ ಅವಳು ನಿಯಮಗಳನ್ನು ತಾನೇ ಹೊಲಿದ ಬಟ್ಟೆಯಲ್ಲಿ ಕಿಂಡಿ ಹುಡುಕುವ ಹಾಗೆ ತಿರುತಿರುಗಿ ನೋಡಿದಳು. ಹೊರಗಿನವರ ಅವಧಿ ಮುಗಿದಿತ್ತು, ಅಣ್ಣ ಈಗ ಬರೆದರೂ ಕ್ಯಾಪ್ಟನ್ನಿಗೆ ತೋರಿಸಿದ ಕ್ಯಾಲೆಂಡರನ್ನೇ ಅವನಿಗೂ ತೋರಿಸಬೇಕು. ಸಮಿತಿಯ ಸದಸ್ಯರು ಪೆನ್ಸಿಲ್ ತಟ್ಟುವ ಮುನ್ನ ಏನು ಬೇಕಾದರೂ ಕೇಳಬಹುದು, ಬದಲಿ ಪ್ರಸ್ತಾಪವನ್ನೂ ಇಡಬಹುದು. ಅಧ್ಯಕ್ಷರು ಮಾತ್ರ ಕೇಳುವಂತಿಲ್ಲ, ಕಾಯುವುದಷ್ಟೇ ಅವರ ಕೆಲಸ. ಕುರ್ಚಿ ಬಿಟ್ಟು ಎದ್ದರೆ ಕೇಳಬಹುದು. ಎದ್ದರೆ ಪೆನ್ಸಿಲ್ಲು ಹಿರಿಯ ಸದಸ್ಯರಿಗೆ ಹೋಗುತ್ತದೆ. ಅಂದರೆ ಕರ್ನಲ್ಲಿಗೆ.

ಎರಡನೇ ಮಹಡಿಯ ಕೋಣೆ. ಹಸಿರು ಬಟ್ಟೆ ಹಾಸಿದ ಉದ್ದನೆಯ ಮೇಜು, ಮುಚ್ಚಳವಿಟ್ಟ ನೀರಿನ ಲೋಟಗಳು, ಬಣ್ಣ ಬಳಿದು ಬಳಿದು ಅಂಟಿಕೊಂಡು ತೆರೆಯದೇ ಹೋದ ಕಿಟಕಿ. ಕರ್ನಲ್ಲು ಕೂರುತ್ತಲೇ ಕೇಳಿದ, "ಮೇಡಂ, ಪೆನ್ಸಿಲ್ ಮುರಿಯೋದು ಯಾವಾಗ?" ನೌಕಾಪಡೆಯವರು ನಕ್ಕರು. ವಾಯುಪಡೆಯ ಅಧಿಕಾರಿ ಎಲ್ಲರಿಗಿಂತ ಚಿಕ್ಕವರು, ಗಡಿಯಾರ ನೋಡಿಕೊಂಡು ನಕ್ಕರು.

ಅವಳು ವಿಷಯ ಓದಿದಳು. ಗುಡ್ಡ, ದಾರಿ, ಹೊಸ ವಿಮಾನ, ಅತಿಥಿಗಳ ತೆರವು. ಆಕ್ಷೇಪಣೆ ಯಾವುದೂ ಬಂದಿಲ್ಲ. ಓದಿ ಮುಗಿಸಿದಳು. ಕೋಣೆ ಎಂದಿನ ಹಾಗೆ ಸುಮ್ಮನಾಯಿತು. ಗುಮಾಸ್ತ ಮುಂದಿನ ವಿಷಯದ ಹಾಳೆಯನ್ನು ಆಗಲೇ ಮೇಲಕ್ಕೆ ತೆಗೆದಿಟ್ಟುಕೊಂಡ.

ಈ ಮೌನ ಅವಳಿಗೆ ಇಷ್ಟು ವರ್ಷ ಒಂದೇ ತೆರನಾಗಿ ಕೇಳಿಸಿತ್ತು. ಇವತ್ತು ಅದರಲ್ಲಿ ಯಾರಾದರೂ ಗುಂಡಿ ಒತ್ತಿ ಹಿಡಿದಿದ್ದಾರೋ ಏನೋ ಎಂದು ಕಿವಿಗೊಟ್ಟಳು. ಹಿಂದೆ ತಾನು ತಟ್ಟಿದ ಎಷ್ಟೋ ಮೌನಗಳಲ್ಲಿ ಯಾರು ಯಾರು ಒತ್ತಿ ಹಿಡಿದಿದ್ದರೋ.

ಪೆನ್ಸಿಲ್ಲನ್ನು ಕರ್ನಲ್‌ನ ಮುಂದೆ ಇಟ್ಟು ಅವಳು ಎದ್ದಳು. ಮೇಜು ಬಳಸಿ ಹೋಗಿ, ಹೊರಗಿನಿಂದ ಬಂದವರು ಕೂರುವ ಕೊನೆಯ ಕುರ್ಚಿಯಲ್ಲಿ ಕೂತಳು.

"ಮೇಡಂ?" ಅಂದರು ನೌಕಾಪಡೆಯವರು. "ಹುಷಾರಿಲ್ವಾ?"

"ಹುಷಾರಾಗಿದೀನಿ. ಈ ವಿಷಯಕ್ಕೆ ನಾನು ಅಧ್ಯಕ್ಷೆ ಆಗೋ ಹಾಗಿಲ್ಲ. ಆ ಗುಡ್ಡದಲ್ಲಿ ಹಾಜರಿ ಕರೆಯೋರು ನಮ್ಮಣ್ಣ. ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಅದನ್ನ ಹಾಗೇ ಬರ್ಕೊಳ್ಳಿ."

ಗುಮಾಸ್ತ ಬರೆಯಲೋ ಬೇಡವೋ ಎಂದು ಎಲ್ಲರ ಮುಖ ನೋಡಿದ.

"ಅವರು ಆಕ್ಷೇಪಣೆ ಕಳಿಸಿಲ್ವಲ್ಲ," ಅಂದರು ವಾಯುಪಡೆಯವರು, ಮೆತ್ತಗೆ.

"ಇಲ್ಲ. ಕಳಿಸಿಲ್ಲ. ಅವರು ಸುಮ್ಮನಿದ್ರು, ನಾನು ಅದನ್ನ ಒಪ್ಪಿಗೆ ಅಂದ್ಕೊಂಡೆ. ಒಪ್ಪಿಗೆ ಆಗಿರಲಿಲ್ಲ." ಅವಳ ಕೈ ನೀರಿನ ಲೋಟ ಹುಡುಕಿತು. ಆ ತುದಿಯಲ್ಲಿ ಲೋಟ ಇಟ್ಟಿರಲಿಲ್ಲ. "ನಿಮ್ಮ ವಿಮಾನ ಹಾರಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಇಡೀ ದಾರಿಯೂ ನಿಮ್ಮದೇ. ಅದರ ಅಂಚಿನಲ್ಲಿ ಕೂದಲೆಳೆಯಷ್ಟು ಜಾಗ ಸಾಕು ಅವರಿಗೆ. ನೀವು ಹಾರಿಸೋ ದಿನ ಮೊದಲೇ ತಿಳಿಸಿದ್ರೆ ಅವರು ಮುಚ್ಕೊಂಡಿರ್ತಾರೆ. ಅಲ್ಲಿ ಒಬ್ಬರು ಮೇಷ್ಟ್ರಿದಾರೆ, ಅವರಿಗೆ ಮಾತು ಹೋಗಿದೆ. ಗುಂಡಿ ಒತ್ತಿ ನಾನಿದ್ದೀನಿ ಅಂತ ತಿಳಿಸ್ತಾರೆ. ಬೇರೆ ದಾರಿ ಇಲ್ಲ ಅವರಿಗೆ."

ಕರ್ನಲ್ಲು ಪೆನ್ಸಿಲ್ಲನ್ನು ಎತ್ತಿಕೊಂಡ. ಒಮ್ಮೆ ತಿರುಗಿಸಿ ಅದರ ಹಿಂಬದಿಯನ್ನು ನೋಡಿದ. ತಟ್ಟಿ ತಟ್ಟಿ ಅಲ್ಲಿನ ಬಣ್ಣ ಹೋಗಿತ್ತು.

"ಮೇಡಂ," ಅಂದ. "ಇದು ತಡವಾಗಿ ಬಂದ ಆಕ್ಷೇಪಣೆನಾ?"

"ಅಲ್ಲ. ತಡವಾಗಿದೆ ಅಂತ ನನಗೆ ಗೊತ್ತು. ನಿಮಗೆ ಅವತ್ತು ನಾನೇನು ಹೇಳಿದೆ ಅನ್ನೋದೂ ನೆನಪಿದೆ. ಇದು ಸದಸ್ಯಳಾಗಿ ನಾನು ಇಡ್ತಿರೋ ಪ್ರಸ್ತಾಪ."

ಅವನು ಅವಳನ್ನೇ ನೋಡಿದ. ಮೀಸೆಯ ಮೇಲೆ ಏನೂ ಕಾಣಲಿಲ್ಲ. ಅವನ ಹಿಂದಿನ ಗೋಡೆಯ ನಕ್ಷೆಯಲ್ಲಿ ಬಣ್ಣದ ಪಟ್ಟಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು, ನಡುವೆ ಒಂದು ಬೆರಳು ಹೋಗಲೂ ಸಂದಿಯಿಲ್ಲದ ಹಾಗೆ.

"ಹಾಗಾದ್ರೆ ಬರ್ಕೊಳ್ಳೋ ಹಾಗೆ ಒಂದು ಮಾತಲ್ಲಿ ಹೇಳಿ," ಅಂದ.

ಅವಳು ಎರಡೂ ಕೈಗಳನ್ನು ಹಸಿರು ಬಟ್ಟೆಯ ಮೇಲೆ ಇಟ್ಟಳು.

"ಗುಡ್ಡದ ಮೇಲೆ ಬೆಳಗಿನ ಹೊತ್ತು ಅವರಿಗೆ ಮಾತಾಡಲಿಕ್ಕೆ ಬಿಡಿ."

ವಾಯುಪಡೆಯವರು ನೌಕಾಪಡೆಯವರನ್ನು ನೋಡಿದರು. ನೌಕಾಪಡೆಯವರು ತಮ್ಮ ಲೋಟದ ಮುಚ್ಚಳ ನೋಡಿದರು. ಕರ್ನಲ್‌ನ ಕೈಯಲ್ಲಿ ಪೆನ್ಸಿಲ್ಲು ಮೇಜಿನಿಂದ ಸ್ವಲ್ಪ ಮೇಲೆ ನಿಂತಿತ್ತು.

ಯಾರೂ ಏನೂ ಹೇಳಲಿಲ್ಲ.